ಮುಳ್ಳು ಎಲ್ಲಿ ನಿಲ್ಲಬೇಕು

9 ಫೆಬ್ರವರಿ 1958, ಭಾನುವಾರ, ಶಿಕಾರಿಪುರ

ಬೆಳಿಗ್ಗೆ ಎಂದಿನಂತೆ ರೇಡಿಯೇಟರಿಗೆ ನೀರು. ಬಾನೆಟ್ಟಿನ ಮೇಲೆ ಒದ್ದೆ ಗೋಣಿಚೀಲ. ಯುದ್ಧಕ್ಕೂ ಮುಂಚಿನ ಕಾರು, ಉಷ್ಣ ಪ್ರಕೃತಿ. ಹೆಂಡತಿ ವೀರಮ್ಮನನ್ನು ಕೂರಿಸಿಕೊಂಡು ಸೊರಬಕ್ಕೆ ಹೊರಟೆ — ಮಗಳು ರಾಜಿಗೆ ಏಳು ತಿಂಗಳು ತುಂಬಿತು, ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಲ್ಲ.

ಶಾಖದ ಮೀಟರಿನ ಮುಳ್ಳು ಮೇಲೇಳುತ್ತಾ ನಡುವಿಗೆ ಬಂದಾಗಲೆಲ್ಲ ನಿಲ್ಲಿಸಿದೆ. ಕೆರೆ ಕಂಡಲ್ಲೆಲ್ಲ ನೀರು ಹೊಯ್ದೆ. ತಲುಪುವಷ್ಟರಲ್ಲಿ ಬೀಗರ ಮನೆಯಲ್ಲಿ ಊಟ ಮುಗಿದು ಎಲೆಯಡಿಕೆಗೆ ಕೂತಿದ್ದರು.

ರಾಜಿಯ ಅತ್ತೆ ಲೋಕಮ್ಮನವರು ಬಾಗಿಲಲ್ಲೇ ನಿಂತು ಗೋಣಿಚೀಲ ನೋಡಿದರು.

"ಇದೇನ್ರೀ ಬೀಗರೇ, ಕಾರಿಗೆ ಜ್ವರನಾ? ಒದ್ದೆಬಟ್ಟೆ ಹಾಕ್ಕಂಡು ಬಂದೀರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ನಗಲಿಲ್ಲ. "ದಾರಿ ತುಂಬಾ ನಿಂತು ನಿಂತು ಬರೋ ಗಾಡೀಲಿ ಬಸುರೀನ ಕಳ್ಸಕ್ಕಾಗಲ್ಲ. ಇಲ್ಲೇ ಹೆರ್ಲಿ ಬಿಡ್ರಿ."

ರಾಜಿ ಕಂಬದ ಹಿಂದೆ ನಿಂತಿದ್ದಳು. ಖಾಲಿ ಕಾರು ವಾಪಸ್. ದಾರಿಯುದ್ದಕ್ಕೂ ವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

11 ಫೆಬ್ರವರಿ, ಮಂಗಳವಾರ

ವೀರಮ್ಮ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅಂಗಡಿಗೆ ಹೊರಟವನನ್ನು ತಡೆದು ಒಂದೇ ಪ್ರಶ್ನೆ —

"ಏನ್ರೀ, ಆ ಮುಳ್ಳು ಎಲ್ಲಿ ನಿಂತ್ರೆ ಸರಿ ಅಂತ ನಿಮಗ್ಯಾರು ಹೇಳಿದ್ರು?"

ಯಾರೂ ಹೇಳಿಲ್ಲ. ತಣ್ಣಗಿದ್ದಷ್ಟೂ ಒಳ್ಳೆಯದಲ್ಲವೇ ಎಂದೆ.

"ನನ್ನ ಮೈನೂ ಬೆಚ್ಚಗೈತಿ. ನನ್ನೂ ಕೆರೆಗೆ ಅದ್ದಿಬಿಡ್ರಿ ಹಂಗಾರೆ."

ಇಡೀ ದಿನ ಜವಳಿ ಅಳೆಯುತ್ತಾ ಅದೇ ಯೋಚನೆ. ಗಜ ತಪ್ಪಿತು.

14 ಫೆಬ್ರವರಿ, ಶುಕ್ರವಾರ, ಸಂಜೆ 4

ಮೆಕ್ಯಾನಿಕ್ ಮುನೀರ್ ಅಹ್ಮದ್ ನಮಾಜು ಮುಗಿಸಿ ಬಂದ. ವೀರಮ್ಮನೇ ಹೇಳಿಕಳುಹಿಸಿದ್ದಳು, ನನ್ನನ್ನು ಕೇಳದೆ! ಮೀಟರಿನಿಂದ ಇಂಜಿನ್‌ಗೆ ಸಣ್ಣ ತಾಮ್ರದ ಕೊಳವೆ ಹೋಗುತ್ತದೆ, ತುದಿಯಲ್ಲಿ ಒಂದು ಗುಂಡು. ಅದೇ ಶಾಖ ತಿಳಿಯುವುದು. ಗುಂಡನ್ನು ಬಿಚ್ಚಿಸಿದಳು. ಅಂಗಳದಲ್ಲೇ ಇದ್ದಿಲ ಒಲೆ ಹೂಡಿ, ಪಾತ್ರೆಯಲ್ಲಿ ನೀರು ಮರಳಿಸಿ, ಅದರಲ್ಲಿ ಅದ್ದಿಸಿದಳು. ಮುಳ್ಳು ಏರಿ ಏರಿ ಇನ್ನೂರ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟಿಗೆ ನಿಂತಿತು.

"ನೀರು ಕುದಿಯೋದು ಇಲ್ಲಿ. ಮೀಟರ್ ಸುಳ್ಳು ಹೇಳ್ತಿಲ್ಲ," ಅಂದಳು. "ಓಡೋವಾಗ ಎಲ್ಲಿರ್ಬೇಕು ಮುನೀರಣ್ಣ?"

"ನೂರ ಎಂಬತ್ತರ ಹತ್ರ ಅಕ್ಕಾರೆ. ಸ್ವಲ್ಪ ಆಕಡೆ ಈಕಡೆ. ಪೂರಾ ತಂಡಿ ಇದ್ರೆ ಇಂಜಿನ್‌ಗೆ ಒಳ್ಳೇದಲ್ಲ, ಪೆಟ್ರೋಲ್ ಜಾಸ್ತಿ ಕುಡೀತದೆ."

ಅಂದರೆ ನಡುವೆ. ನಾನು ಹೆದರಿ ನಿಲ್ಲಿಸುತ್ತಿದ್ದ ಅದೇ ಜಾಗ! ಕಾದ ಇಂಜಿನ್‌ಗೆ ಕೆರೆಯ ನೀರು ಹೊಯ್ಯುತ್ತಿದ್ದೆ ಎಂದಾಗ ಮುನೀರ್ ತೋಬಾ ತೋಬಾ ಎಂದು ಕೆನ್ನೆ ಮುಟ್ಟಿಕೊಂಡ. ಒಡೆಯದೇ ಉಳಿದದ್ದೇ ಹೆಚ್ಚಂತೆ. ಕುದಿಯುವ ನೀರಿಗೂ ಕಾರಿನ ಮೀಟರಿಗೂ ಗಂಟು ಹಾಕುವ ಬುದ್ಧಿ ಇವಳಿಗೆ ಎಲ್ಲಿಂದ ಬಂತೋ.

23 ಫೆಬ್ರವರಿ, ಭಾನುವಾರ

ಶಿವರಾತ್ರಿ ಕಳೆಯಿತು. ಇಂದು ಅಂಬ್ಲಿಗೊಳದ ಕೆರೆಗೆ ಹೋಗಿಬಂದೆವು, ಪರೀಕ್ಷೆಗೆಂದೇ. ಗೋಣಿಚೀಲ ಇಲ್ಲ. ಜನ ನೀರು ನೋಡಲು ಹೋಗುತ್ತಾರೆ. ವೀರಮ್ಮ ಮುಳ್ಳು ಬಿಟ್ಟು ಏನನ್ನೂ ನೋಡಲಿಲ್ಲ. ಊರು ದಾಟುವಷ್ಟರಲ್ಲಿ ನಡುವಿಗೆ ಬಂತು, ಅಲ್ಲೇ ನಿಂತಿತು. ಏರಿನಲ್ಲಿ ಒಂದಿಷ್ಟು ಮೇಲೆ, ಇಳಿಜಾರಿನಲ್ಲಿ ಮತ್ತೆ ಕೆಳಗೆ. ಇನ್ನೊಂದು ವಿಷಯ ಅವಳೇ ಕಂಡುಹಿಡಿದಳು — ಓಡಿಬಂದ ಕಾರನ್ನು ನಿಲ್ಲಿಸಿದ ಕೂಡಲೇ ಮುಳ್ಳು ತಾನಾಗಿ ಸ್ವಲ್ಪ ಏರುತ್ತದೆ.

"ನೀವು ನಿಲ್ಸಿದ್ದಕ್ಕೇ ಅದು ಏರ್ತಿತ್ತು. ಏರ್ತು ಅಂತ ಮತ್ತೆ ನೀರು!"

ನಿಜ. ಏರಿನಲ್ಲಿ ಮುಳ್ಳು ಹೋಗುವಷ್ಟಕ್ಕೆ ಮೀಟರಿನ ಗಾಜಿನ ಮೇಲೆ ಕುಂಕುಮದ ಬೊಟ್ಟಿಟ್ಟಳು. ಅದರ ಒಳಗೆ ಇದ್ದರೆ ಸಹಜ, ದಾಟಿದರೆ ರೋಗ. ಮನಸ್ಸಿನಲ್ಲೇ ಶಹಭಾಸ್ ಅಂದೆ. ಮನಸ್ಸಿನಲ್ಲೇ.

27 ಫೆಬ್ರವರಿ, ಗುರುವಾರ

ಕಾರು ಸರಿಯಿದೆ ಎಂದು ಹೇಳಿಕಳುಹಿಸಿದ್ದಕ್ಕೆ ಸೊರಬದಿಂದ ಉತ್ತರ ಬಂತು. ಸೋಮವಾರ ಬಂದು ರಾಜಿಯನ್ನು ಕರೆದೊಯ್ಯಬಹುದು. ಆದರೆ ಲೋಕಮ್ಮನವರು ಶಿರಾಳಕೊಪ್ಪದ ತಮ್ಮನ ಮನೆವರೆಗೆ ಜೊತೆಗೇ ಬರುತ್ತಾರಂತೆ. ಅಲ್ಲಿಗೆ ತಲುಪುವ ಮುಂಚೆ ಕಾರು ಒಂದು ಸಲ ನಿಂತರೂ ತಮ್ಮನ ಕಮಾನು ಗಾಡಿಗೆ ಎತ್ತು ಕಟ್ಟಿಸಿ ಸೊಸೆಯನ್ನು ವಾಪಸ್ ಕರೆದೊಯ್ಯುತ್ತಾರೆ. ಬೇರೆ ಮಾತಿಲ್ಲ.

ವೀರಮ್ಮ ಬಾಣಂತಿ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾಳೆ.

3 ಮಾರ್ಚ್, ಸೋಮವಾರ, ಸಂಜೆ

ಬರೆದುಬಿಡುತ್ತೇನೆ.

ಸೊರಬಕ್ಕೆ ಒಂದು ಕಡೆಯೂ ನಿಲ್ಲದೆ ಹೋದೆವು. ಬರುವಾಗ ಹಿಂದೆ ರಾಜಿ, ಲೋಕಮ್ಮನವರು. ನನ್ನ ಪಕ್ಕದಲ್ಲಿ ವೀರಮ್ಮ. ಮುಳ್ಳು ನಡುವೆ. ರಾಜಿ ಗುನುಗುತ್ತಿದ್ದಳು. ಶಿರಾಳಕೊಪ್ಪ ಇನ್ನೇನು ಎರಡು ಮೈಲಿ. ಆಗ ಮುಳ್ಳು ಬೊಟ್ಟನ್ನು ಮುಟ್ಟಿತು. ಏರು ಇರಲಿಲ್ಲ, ಸಮ ರಸ್ತೆ. ಬೊಟ್ಟು ದಾಟಿತು.

ನಾನು ನೋಡಿಯೂ ನೋಡದವನಂತೆ ಓಡಿಸಿದೆ. ಎರಡೇ ಮೈಲಿ… ಹೇಗಾದರೂ ತಲುಪಿಬಿಟ್ಟರೆ ಮಗಳು ನಮ್ಮವಳು. ಲೋಕಮ್ಮನವರಿಗೆ ಹಿಂದಿನಿಂದ ಮೀಟರು ಕಾಣುತ್ತಿರಲಿಲ್ಲ. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಿಲ್ಲಿಸ್ರಿ," ಅಂದಳು ವೀರಮ್ಮ.

ನಾನು ಅವಳ ಮುಖ ನೋಡಿದೆ.

"ನಿಲ್ಲಿಸ್ರೀ ಅಂದೆ. ಇದು ಸಹಜ ಅಲ್ಲ. ಬಸುರಿ ಕೂತಾಳೆ ಹಿಂದೆ."

ಮರದಡಿ ನಿಲ್ಲಿಸಿದೆ. ಬಾನೆಟ್ ಎತ್ತಿದೆ — ಫ್ಯಾನಿನ ಬೆಲ್ಟು ಸಡಿಲವಾಗಿ ಜಾರುತ್ತಿತ್ತು. ಸ್ಪ್ಯಾನರ್ ಹಾಕಿ ಬಿಗಿದೆ. ಅಷ್ಟು ನನಗೂ ಬರುತ್ತದೆ. ನೀರಿಗೆ ಕೈ ಹಾಕಿದರೆ ವೀರಮ್ಮ ತಡೆದಳು. ತಾನಾಗಿ ಆರಲಿ ಎಂದಳು. ನಾಲ್ಕೂ ಜನ ನೆರಳಲ್ಲಿ ಕೂತೆವು. ರಾಜಿ ತಾಯಿಯ ಸೆರಗು ಹಿಡಿದು ಕೂತಿದ್ದಳು, ಸಣ್ಣವಳಿದ್ದಾಗಿನ ಹಾಗೆ.

ಆರಿದ ಮೇಲೆ ನೀರು ತುಂಬಿ ಹೊರಟೆವು. ಮುಳ್ಳು ನಡುವಿಗೆ ಬಂದು ಕೂತಿತು. ಏನು ಪ್ರಯೋಜನ. ಶಿರಾಳಕೊಪ್ಪದಲ್ಲಿ ತಮ್ಮನ ಮನೆ ಮುಂದೆ ನಿಲ್ಲಿಸಿದೆ. ಕಮಾನು ಗಾಡಿ ಅಂಗಳದಲ್ಲೇ ಇತ್ತು. ವೀರಮ್ಮ ತಾನೇ ಇಳಿದು ರಾಜಿಯ ಗಂಟು ಕೆಳಗಿಟ್ಟಳು. ಕೊಟ್ಟ ಮಾತು ಮಾತೇ ಅಲ್ಲವೇ.

ಲೋಕಮ್ಮನವರು ಗಂಟು ನೋಡಿದರು. ಎತ್ತಿ ಮತ್ತೆ ಕಾರೊಳಗೆ ಇಟ್ಟರು.

"ನಿಂತ್ರೆ ಮಗಳು ಬರಲ್ಲ ಅಂತ ಗೊತ್ತಿತ್ತಲ್ರೀ ನಿಮಗೆ. ಆದ್ರೂ ನಿಲ್ಸಿದ್ರಿ," ಎಂದರು ವೀರಮ್ಮನಿಗೆ. "ನಾನಾಗಿದ್ರೆ ಸುಮ್ನೆ ಕೂತಿರ್ತಿದ್ದೆ. ಕರ್ಕಂಡು ಹೋಗ್ರಿ. ಮಗುಗೆ ಮೂರು ತಿಂಗ್ಳು ತುಂಬೋವರ್ಗೂ ನಾ ಕೇಳಲ್ಲ."

ಈಗ ರಾಜಿ ಒಳಗೆ ಮಲಗಿದ್ದಾಳೆ. ವೀರಮ್ಮ ಅವಳ ಕಾಲೊತ್ತುತ್ತಾ ಕೂತಿದ್ದಾಳೆ. ಮದುವೆಯಾಗಿ ಇಷ್ಟು ವರ್ಷವಾಯಿತು, ಒಂದು ದಿನವೂ ಎದುರಿಗೆ ನಿಂತು ಹೊಗಳಿದವನಲ್ಲ. ಎಲ್ಲ ಈ ಪುಸ್ತಕದಲ್ಲೇ. ಇವಳು ಇದನ್ನು ಓದುವವಳೂ ಅಲ್ಲ. ಇಲ್ಲ, ಇವತ್ತು ಬರೆದರೆ ಸಾಲದು. ಎದ್ದು ಹೋಗಿ ಹೇಳುತ್ತೇನೆ. ಏನೆಂದು ಶುರು ಮಾಡಲಿ… ವೀರಮ್ಮಾ, ನೀನು—