ಅಂಚಿನಲ್ಲಿದ್ದ ಮೊದಲನೇ ಖೋಲಿ

ಸರ್, ಭಾರದ ಕೈಯವಳು ಅಂತ ನೀವು ಬೈಯುತ್ತಿದ್ದ ವಿದ್ಯಾರ್ಥಿನಿ ನಾನು, ನಿಲಂಗಾದಿಂದ ಬರೀತಿದ್ದೀನಿ.

ಸಿಕ್ಕಿತು ಸರ್. ಮೊದಲನೇ ಖೋಲಿ ಸಿಕ್ಕಿತು. ಬೇರೆ ಯಾರಿಗೆ ಹೇಳಲಿ? ಮನೆಯವರಿಗೆ ಫೋನ್ ಮಾಡಿದೆ. ಲೋಹಾರಾ ಬಜಾರದ ತೊಗರಿ ಗದ್ದಲದಲ್ಲಿದ್ದರು. "ಕೂಸು ಆರಾಮ ಅದ ಹೌದಿಲ್ಲೊ? ಮತ್ತ ನೀ ಯಾಕ ಅಳ್ತಿ?" ಅಂದರು. ನಾನು ಅಳುತ್ತಿರಲಿಲ್ಲ, ಮಾತಿಗೆ ಉಸಿರು ಸಾಲುತ್ತಿರಲಿಲ್ಲ ಅಷ್ಟೆ.

ಉದಗೀರದ ಕಾಲೇಜಿನಲ್ಲಿ ನೀವು ಆ ಡಬ್ಬಿ ತೆರೆದ ದಿನ ನೆನಪಿದೆಯೇ? ಕಛ್‌ನಿಂದ ತಂದಿದ್ದಿರಿ. ನಮ್ಮ ಕಡೆಯ ಕರಿಕಲ್ಲಿನಲ್ಲಿ ಸಮುದ್ರದ ಜೀವಿಯ ಗುರುತು ಎಲ್ಲಿಂದ ಬರಬೇಕು? ಒಳಗೆ ಹೆಸರುಬೇಳೆಯಷ್ಟಷ್ಟೇ ಇದ್ದ ಚಪ್ಪಟೆ ಕಾಳುಗಳು. "ಇವು ಕಾಳಲ್ಲ, ಮನೆ," ಅಂದಿರಿ. ಒಂದೇ ಜೀವಕೋಶದ ಪ್ರಾಣಿ ಸುಣ್ಣದ ಖೋಲಿಗೆ ಖೋಲಿ ಸೇರಿಸುತ್ತ ಕಟ್ಟಿಕೊಂಡ ಮನೆ, ಫೊರಾಮಿನಿಫೆರಾ. ಅದರ ಕುಲವೇ ಅಳಿದು ಕೋಟಿ ವರ್ಷ ದಾಟಿದೆ. ಯಾವ ಕುಲ ಅಂತ ತಿಳಿಯಲು ಅದು ಎಲ್ಲಕ್ಕಿಂತ ಮೊದಲು ಕಟ್ಟಿದ ಖೋಲಿ ಎಲ್ಲಿದೆ ಅಂತ ನೋಡಬೇಕು. ಗಾಜಿನ ಪಟ್ಟಿಗೆ ಅಂಟಿಸಿ, ಒದ್ದೆ ಮಾಡಿದ ಸಾಣೆ ಪುಡಿಯ ಮೇಲೆ ತಿಕ್ಕಿ, ಅರ್ಧ ಸವೆಸಿದರೆ ಒಳಗಿನದು ಕಾಣುತ್ತದೆ.

ನಾವು ತಿಕ್ಕಿದ್ದೆಲ್ಲ ಹಾಳಾಯಿತಲ್ಲ! ಪಾಠವೆಲ್ಲ ಮರಾಠಿಯಲ್ಲಿ ಮಾಡಿ, ಬೈಯುವಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದಿರಿ. "ಹಳೂ ತಾಯಿ, ಹಳೂ, ಹಗೂರಕ. ಜ್ವಾಳದ ರೊಟ್ಟಿ ಬಡೀಲತ್ತೀರೇನು?" ಲೆಪಿಡೊಸೈಕ್ಲಿನಾ ಅಂತ ಬರೆದುಬಿಡೋಣ ಸರ್, ಅಂದೆವು. ಆ ಕುಲದ ಮೊದಲ ಖೋಲಿ ನಟ್ಟನಡುವೆ ಇರುತ್ತದೆ, ನಾವು ಹುಡುಕುತ್ತಿದ್ದದ್ದೂ ನಡುವೆಯೇ. ನೀವು ಒಪ್ಪಲಿಲ್ಲ. "ನೋಡದ ಇಟ್ಟ ಹೆಸರು ಲಾಡಿನ ಹೆಸರು, ಕೂಸಿಗೆ ಮುದ್ದಿಲೆ ಕರೆಯೂದು. ಅದು ಶಾಸ್ತ್ರಕ್ಕ ನಡೆಯಂಗಿಲ್ಲ."

ನೀವು ತೀರಿಹೋದ ಮೇಲೆ ನಿಮ್ಮ ಮನೆಯವರು ಹಳೇ ಸೂಕ್ಷ್ಮದರ್ಶಕವನ್ನೂ ಡಬ್ಬಿಯನ್ನೂ ನನ್ನ ಕೈಗಿಟ್ಟರು. ಉಳಿದಿದ್ದು ಒಂದೇ ಕಾಳು. ಅದೂ ಹಾಳಾದರೆ ನಿಮ್ಮ ಪ್ರಶ್ನೆ ಪ್ರಶ್ನೆಯಾಗಿಯೇ... ಮದುವೆಯಾಗಿ ತವರು ಉಮರ್ಗಾದಿಂದ ಇಲ್ಲಿಗೆ ಬಂದಾಗ ಡಬ್ಬಿಯೂ ಸೀರೆಗಳ ನಡುವೆ ಬಂತು. ಮುಟ್ಟುವ ಧೈರ್ಯ ಬರಲಿಲ್ಲ.

ಮಗಳು ಹುಟ್ಟಿದಳು ಸರ್, ನಿಮಗೆ ಗೊತ್ತಿಲ್ಲ. ಅಂದಿನಿಂದ ನನಗೆ ನಿದ್ದೆಯಿಲ್ಲ. ಅವಳು ಸುಖವಾಗಿ ಮಲಗಿದರೂ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ದಿನಾ ಅವಳಿಗೆ ಎರೆದಾದ ಮೇಲೆ ಅತ್ತೆ ಸಾಣೆಕಲ್ಲು ಮುಂದಿಡುತ್ತಾರೆ. ಬಾಳಗುಟಿ. ಜಾಯಿಕಾಯಿ, ಅಳಲೆಕಾಯಿ, ಬಾದಾಮಿ, ಒಂದೊಂದನ್ನೂ ಎದೆಹಾಲಿನಲ್ಲಿ ತೇಯ್ದು ಕೂಸಿಗೆ ನೆಕ್ಕಿಸುವುದು. ಜಾಯಿಕಾಯಿ ಹೆಚ್ಚಾಗಿ ಕೂಸಿಗೆ ಏನಾದರೂ ಆದರೆ? ಆ ಭಯದಲ್ಲಿ ಕಾಯಿಯನ್ನು ಕಲ್ಲಿಗೆ ಒತ್ತಿ ಹಿಡಿಯುತ್ತಿದ್ದೆ. "ಹೆದರಿ ಒತ್ತಲತ್ತಿ ನೋಡು," ಅಂದರು ಅತ್ತೆ. "ಜೋರ್ ಹಾಕಬ್ಯಾಡ. ಒಂದು ಸುತ್ತು, ಸಾಕು. ಕಾಯಿ ತನ್ನ ಭಾರಕ್ಕೇ ತೇಯ್ತದ."

ಮೊನ್ನೆ ಹಾಗೆ ತೇಯುತ್ತಿದ್ದಾಗ ಕೈ ನಿಂತುಬಿಟ್ಟಿತು. ಕೈ ಹಗುರಾಗಿತ್ತು, ಯಾವಾಗ ಆಯಿತೋ. ನೀವು ಹಳೂ ಅಂದಿದ್ದು ಇದನ್ನೇ ಅಲ್ಲವೇ?

ಅಂದೇ ಮಧ್ಯಾಹ್ನ ಮಗಳು ಮಲಗಿದಾಗ ಕಿಟಕಿಯ ಬಿಸಿಲಿಗೆ ಸೂಕ್ಷ್ಮದರ್ಶಕ ಇಟ್ಟೆ. ಕೊನೆಯ ಕಾಳನ್ನು ಅಂಟಿಸಿದೆ. ಒತ್ತಲಿಲ್ಲ ಸರ್, ಗಾಜಿನ ಪಟ್ಟಿಯ ಭಾರಕ್ಕೇ ಬಿಟ್ಟೆ. ಒಂದು ಸುತ್ತು, ತೊಳೆದು ನೋಡು. ಮತ್ತೊಂದು ಸುತ್ತು, ತೊಳೆದು ನೋಡು. ನಡುವೆ ಬರೇ ಸಣ್ಣ ಖೋಲಿಗಳ ಸಾಲು. ಇಷ್ಟೇಯೇನೋ, ಇದನ್ನೂ ಕಳೆದೆನೇನೋ ಅಂದುಕೊಂಡೆ. ಪಟ್ಟಿಯನ್ನು ಸ್ವಲ್ಪ ಸರಿಸಿದೆ. ಅಂಚು ಮುರಿಯದೆ ಹಾಗೇ ಇತ್ತು. ಅಂಚಿನ ಒಂದು ಕೊನೆಯಲ್ಲಿ, ಸರ್, ದುಂಡಗೆ ದೊಡ್ಡದೊಂದು ಖೋಲಿ, ಅದಕ್ಕಂಟಿ ಇನ್ನೊಂದು. ಉಳಿದ ಖೋಲಿಗಳೆಲ್ಲ ಅಲ್ಲಿಂದಲೇ ಬೀಸಣಿಗೆಯ ಹಾಗೆ ಹರಡಿಕೊಂಡಿದ್ದವು.

ಮಿಯೊಜಿಪ್ಸಿನಾ! ಮೊದಲ ಖೋಲಿಯನ್ನು ಅಂಚಿನಲ್ಲೇ ಕಟ್ಟುವ ಕುಲ. ನಾವು ನಡುವೆ ಹುಡುಕುತ್ತ ಒತ್ತಿ ಒತ್ತಿ ಪ್ರತಿ ಸಲವೂ ಅಂಚನ್ನೇ ಸವೆಸಿ ತೊಳೆದು ಚೆಲ್ಲುತ್ತಿದ್ದೆವು.

ಅತ್ತೆ ಬಂದು ಒಂದು ಕಣ್ಣು ಮುಚ್ಚಿ ನೋಡಿದರು. "ಮೂಲಿ ಹಿಡದು ಕುಂತದಲ್ಲ, ಬಾಣಂತಿ ಖೋಲಿಯಂಗ," ಅಂದರು. ಆಮೇಲೆ, "ಕೂಸಿನ ಮುಟ್ಟೂಕಿಂತ ಮೊದಲು ಕೈ ತೊಳಕೊ. ನೀ ಹ್ಯಾಂಗೂ ಹತ್ತು ಸಲ ತೊಳೀತಿ."

ಬರುವ ಸೋಮವಾರ ಉದಗೀರಕ್ಕೆ ಹೊರಟಿದ್ದೇನೆ, ಮಗಳನ್ನೂ ಕರೆದುಕೊಂಡು. ನಿಮ್ಮ ಜಾಗಕ್ಕೆ ಬಂದ ಮೇಡಮ್ ನಾನು ಕಳಿಸಿದ ಫೋಟೋ ನೋಡಿ, "ಕುಲ ಅದೇ, ಸಂಶಯವಿಲ್ಲ," ಅಂದಿದ್ದಾರೆ. ಕಾಲೇಜಿನ ಕಪಾಟಿನಲ್ಲಿ ಈ ಕಾಳಿನ ಹೆಸರಿಗೆಂದು ನೀವು ಖಾಲಿ ಬಿಟ್ಟ ಜಾಗದಲ್ಲಿ ಆ ಹೆಸರನ್ನು ನಾನೇ ಬರೆಯುತ್ತೇನೆ. ಕುಲದ ಹೆಸರು ಮಾತ್ರ. ಪ್ರಭೇದ ಯಾವುದೆಂದು ಹೇಳಲು ಒಂದೇ ಕಾಳು ಸಾಲದು. ಲಾಡಿನ ಹೆಸರು ಇಡುವುದಿಲ್ಲ ಸರ್, ಖಂಡಿತ.

ಇನ್ನೂ ಒಂದು ಸುದ್ದಿ. ಅದನ್ನೆಲ್ಲ ನೋಡಿ, ಕೈ ತೊಳೆದು, ಮಗಳ ಪಕ್ಕ ಸುಮ್ಮನೆ ಒರಗಿದೆ. ಎಚ್ಚರವಾದಾಗ ಬಿಸಿಲು ಇಳಿದಿತ್ತು, ಅವಳು ನನ್ನ ಸೆರಗು ಹಿಡಿದು ಆಡುತ್ತಿದ್ದಳು. ಮಲಗುವ ಮೊದಲು ಅವಳ ಮೂಗಿನ ಹತ್ತಿರ ಬೆರಳಿಡುವುದನ್ನೇ ನಾನು ಮರೆತಿದ್ದೆ.