ಮಂತ್ರವಾದಿಯ ವಿಶ್ರಾಂತಿ

ಸುಗಟೂರು
೧೭-೮-೧೯೮೪, ಶುಕ್ರವಾರ

ಪ್ರೀತಿಯ ಅಣ್ಣನಿಗೆ ನಿನ್ನ ತಂಗಿ ಮಾಡುವ ನಮಸ್ಕಾರಗಳು.

ಹಲ್ಲುನೋವು ಈಗ ಹೇಗಿದೆ? ಹಡಗು ಬೊಂಬಾಯಿಗೆ ಬಂದಾಗ ಡಾಕ್ಟರಿಗೆ ತೋರಿಸಿದೆಯಾ, ಇಲ್ಲ ನಾಳೆ ನಾಡಿದ್ದು ಎಂದು ತಳ್ಳಿಬಿಟ್ಟೆಯಾ? ಅಡುಗೆಮನೆಯಲ್ಲೇ ಕೆಲಸ ಮಾಡುವವನಿಗೆ ಎರಡು ಲವಂಗ ಸಿಗುವುದಿಲ್ಲವೇ ಎಂದು ಅಮ್ಮ ಕೇಳುತ್ತಾಳೆ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಕೆಮ್ಮು ಕಡಿಮೆಯಾಗಿದೆ. ಮುತ್ಯಾಲಮ್ಮಜ್ಜಿಗೆ ಮಂಡಿ ನೋವು ಇದ್ದೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಈ ಬೆಳೆಯ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿವೆ. ಈಗ ಅವಕ್ಕೆ ಸೊಪ್ಪು ಹಾಕಿದಷ್ಟೂ ಸಾಲದು. ಒಂದು ಸರದಿ ಮುಗಿಸಿ, ಕೈ ತೊಳೆದುಕೊಂಡು ಬಂದು ಬರೆಯುತ್ತಿದ್ದೇನೆ.

ಈ ಕಾಗದವನ್ನು ಮುನಿನಾರಾಯಣನ ಕೈಗೆ ಕೊಡುವುದಿಲ್ಲ. ಮುಳಬಾಗಿಲಿನಿಂದ ಬಂದು ನಮ್ಮ ಮನೆಯಲ್ಲಿದ್ದುಕೊಂಡು ಕೋಲಾರದ ಕಾಲೇಜಿಗೆ ಹೋಗುವ ದೊಡ್ಡಮ್ಮನ ಮಗ ತಾನೇ, ಪ್ರತಿಸಲ ಅವನೇ ಡಬ್ಬಿಗೆ ಹಾಕುತ್ತಿದ್ದ. ಹೋದ ತಿಂಗಳಿನದು ನಿನಗೆ ತಲುಪಿದಾಗ ಅಂಟು ಬಿಟ್ಟಿತ್ತೇ, ನೋಡಿ ಹೇಳು. ಈ ಸಲ ಬಸ್ಸು ಹತ್ತಿ ನಾನೇ ಹೋಗಿ ಹಾಕುತ್ತೇನೆ.

ವಿಷಯ ನೀನು ರಜೆಗೆ ಬಂದಾಗ ಕಲಿಸಿದ ಆಟದ್ದು. ಹಡಗಿನ ಗೆಳೆಯನ ಇಂಗ್ಲಿಷ್ ಪುಸ್ತಕ ನೋಡಿಕೊಂಡು ನೀನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟ ನಿಯಮಗಳು, ಆ ಇಪ್ಪತ್ತು ಮುಖದ ದಾಳ, ಎಲ್ಲವೂ ಹುಷಾರಾಗಿವೆ. ಒಬ್ಬರು ಕಥೆ ನಡೆಸಬೇಕು, ಉಳಿದವರು ಕಥೆಯೊಳಗಿನ ಜನರಾಗಿ ದಾಳ ಹಾಕಬೇಕು ಎಂದು ನೀನು ಹೇಳಿ, ಕಥೆ ನಡೆಸುವ ಕೆಲಸವನ್ನು ನನಗೆ ಕೊಟ್ಟೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಹಾಲಿನ ಡೈರಿಯಲ್ಲಿ ಕಾರ್ಡು ಮುಂದೆ ಚಾಚುತ್ತೇನೆ, ಬಾಯಿ ತೆರೆಯುವುದಿಲ್ಲ. ಆದರೆ ನೋಟ್‌ಬುಕ್ಕು ತೊಡೆಯ ಮೇಲಿದ್ದರೆ ಗುಹೆಯಲ್ಲಿ ಏನಿದೆ ಎಂದು ನಾನು ಹೇಳುವವರೆಗೆ ಅಜ್ಜಿಯೂ ಸುಮ್ಮನಿರುತ್ತಾಳೆ. ಅಷ್ಟು ಹೊತ್ತು ನನ್ನ ಮಾತು ಕೇಳುವುದಕ್ಕೆ ಈ ಮನೆಯಲ್ಲಿ ಜನ ಕಾಯುತ್ತಾರೆ.

ಆಟದಲ್ಲಿ ಅಜ್ಜಿ ಕತ್ತಿಯವನು, ಮುನಿನಾರಾಯಣ ಮಂತ್ರವಾದಿ. ಹುಳುಗಳು ಜ್ವರಕ್ಕೆ ಕೂತು ಸೊಪ್ಪು ತಿನ್ನುವುದನ್ನು ಬಿಟ್ಟಾಗಲೇ ನಮಗೆ ಬಿಡುವು, ಆದ್ದರಿಂದ ಬೆಳೆಗೆ ನಾಲ್ಕು ಜ್ವರ, ನಾಲ್ಕು ಆಟ. ಮಂತ್ರ ಮುಗಿದರೆ ವಿಶ್ರಾಂತಿಯ ನಂತರ ಮರಳಿ ಬರುತ್ತದೆ ಎಂದು ನೀನು ಬರೆದಿದ್ದೆ. ಒಂದು ಜ್ವರದಿಂದ ಇನ್ನೊಂದು ಜ್ವರದವರೆಗೆ ಆಟ ನಿಂತಿರುತ್ತದಲ್ಲ, ಅದೇ ವಿಶ್ರಾಂತಿ ಎಂದುಕೊಂಡೆವು. ಹಾಗಾಗಿ ಮುನಿನಾರಾಯಣ ಪ್ರತಿ ಆಟಕ್ಕೂ ಎಂಟು ಮಂತ್ರ ತುಂಬಿಕೊಂಡು ಬರುತ್ತಾನೆ. ಬೆಂಕಿ ಎಸೆಯುತ್ತಾನೆ, ಬೀಗ ತೆರೆಯುತ್ತಾನೆ, ಮಾಯವಾಗುತ್ತಾನೆ. ಅಜ್ಜಿಯ ಗಾಯ ಮಾತ್ರ ಆಟದಿಂದ ಆಟಕ್ಕೆ ಹಾಗೇ ಉಳಿಯುತ್ತದೆ. "ಏನ್ಲಾ ಮುನೀ, ನಾನ್ ಕತ್ತಿ ತೆಗೆಯೋದ್ರೊಳಗೆ ರಾಕ್ಷಸನ್ನ ಸುಟ್ಟಾಕ್ತೀಯ. ನಾನೇನು ನಿನ್ನ ಚಪ್ಪಲಿ ಕಾಯಕ್ಕೆ ಬಂದಿದ್ದೀನಾ?" ಎಂದು ಕೇಳುತ್ತಾಳೆ. ಅವನು ನಕ್ಕು, "ಮಂತ್ರ ಅಂದ್ರೆ ಮಂತ್ರಾನೇ ಅಜ್ಜೀ, ಕತ್ತೀನ ಯಾರ್ ಬೇಕಾದ್ರೂ ಹಿಡೀತಾರೆ" ಎನ್ನುತ್ತಾನೆ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಹುಳುಗಳು ಎದ್ದವೋ ಇಲ್ಲವೋ ನೋಡಿಬರುವ ಕೆಲಸ ಅವನದು. ಎರಡನೇ ಜ್ವರದಲ್ಲಿ ಎಂಟನೇ ಮಂತ್ರ ಮುಗಿಯಿತು, ಹುಳದ ಮನೆಗೆ ಹೋಗಿ ಬಂದ. "ಎದ್ದೇಬಿಟ್ವು ಅಕ್ಕಾ, ನಡಿ ನಡಿ, ಸೊಪ್ಪು ಹಾಕ್ಬೇಕು" ಎಂದ. ಆಟ ನಿಂತಿತು. ಮೂರನೇ ಜ್ವರದಲ್ಲಿ ಗುಹೆಯ ಬಾಗಿಲಲ್ಲಿ ಇನ್ನೂ ಆರು ಜನ ಕಳ್ಳರು ನಿಂತಿದ್ದರು, ಅವನ ಮಂತ್ರ ಖಾಲಿ, ಮತ್ತೆ ಹುಳ ಎದ್ದವು. "ನಿನ್ ಮಂತ್ರ ಮುಗಿಯೋದಕ್ಕೂ ಹುಳ ಏಳೋದಕ್ಕೂ ಏನ್ಲಾ ನಂಟು!" ಎಂದು ಅಜ್ಜಿ ತಮಾಷೆಗೆ ಅಂದಳು. ನನಗೆ ತಮಾಷೆ ಎನಿಸಲಿಲ್ಲ. ಹಿಂದೆಯೇ ಹೋಗಿ ನೋಡಿದೆ. ಅರ್ಧದಷ್ಟು ಹುಳುಗಳು ಇನ್ನೂ ಜ್ವರದಲ್ಲೇ ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಹುಟ್ಟಿದಾಗಿನಿಂದ ಹುಳ ನೋಡಿದವಳಿಗೆ ಅಷ್ಟು ಗೊತ್ತಾಗುವುದಿಲ್ಲವೇ? ಅಷ್ಟರಲ್ಲಿ ಅವನು ಎರಡು ತಟ್ಟೆಗೆ ಸೊಪ್ಪು ಹಾಕಿಬಿಟ್ಟಿದ್ದ. ಎದ್ದವು ತಿಂದು ಬೆಳೆದವು, ಏಳದವು ಹಿಂದೆ ಬಿದ್ದವು, ಆ ಎರಡು ತಟ್ಟೆ ಏರುಪೇರಾಯಿತು. "ಯಾವನ್ಲಾ ಸೊಪ್ಪು ಹಾಕ್ದೋನು?" ಎಂದು ಅಪ್ಪ ಕೂಗಿದಾಗ ಅವನು, "ಅಕ್ಕಾನೇ ಹೂಂ ಅಂದ್ಲು ಚಿಕ್ಕಪ್ಪಾ" ಎಂದ. ನಾನು ಇಲ್ಲ ಎನ್ನಬೇಕಿತ್ತು. ಬೈಸಿಕೊಂಡೆ.

ನಾಲ್ಕನೇ ಜ್ವರದ ದಿನ, ಮೊನ್ನೆ, ಆಟಕ್ಕೆ ಮೊದಲು ನೋಟ್‌ಬುಕ್ಕಿನ ಮಂತ್ರವಾದಿಯ ಪುಟವನ್ನು ಗಟ್ಟಿಯಾಗಿ ಓದಿದೆ. ಪುಟದ ಕೊನೆಯಲ್ಲಿ ಹೀಗಿತ್ತು: ಆಟ ನಿಂತ ಮಾತ್ರಕ್ಕೆ ಮಂತ್ರ ಮರಳಿ ಬಾರದು. ಕಥೆಯೊಳಗೆ ಒಂದು ರಾತ್ರಿ ಮಲಗಿ ಎದ್ದರೆ ಬಂದೀತು. ಮಲಗಿದಾಗ ಕತ್ತಿಯವನು ಕಾವಲಿರಬೇಕು, ಅವನು ಒಪ್ಪದಿದ್ದರೆ ನಿದ್ದೆಯಿಲ್ಲ. ಅಜ್ಜಿ ಮಂಡಿ ನೋವು ಮರೆತು ಎದ್ದು ಕೂತಳು. "ಬಾರಪ್ಪಾ ಮಂತ್ರವಾದೀ, ಕಾಲೊತ್ತು. ಆಮೇಲೆ ಕಾವಲಿರೋದು ನೋಡಾಣ" ಎಂದಳು. ಅವಳು ಅಷ್ಟು ನಕ್ಕಿದ್ದನ್ನು ಈ ವರ್ಷ ನಾನು ಕಂಡಿರಲಿಲ್ಲ. ಅವತ್ತು ಮಂತ್ರವಾದಿಯೂ ಕತ್ತಿಯವನೂ ಒಬ್ಬರನ್ನೊಬ್ಬರು ಕೇಳಿಕೊಂಡು ನಡೆದರು, ಆರು ಕಳ್ಳರನ್ನೂ ಗೆದ್ದರು. ಸಂಜೆಯವರೆಗೆ ಹುಳ ಏಳಲೇ ಇಲ್ಲ, ನೋಡು.

ಆದರೆ ಮುನಿನಾರಾಯಣ ನೋಟ್‌ಬುಕ್ಕು ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದ. "ಈ ಮೂರ್ ಸಾಲಿನ ಶಾಯಿ ಬೇರೆ ಅಕ್ಕಾ. ಇದು ಅಣ್ಣ ಬರ್ದಿದ್ದಲ್ಲ" ಎಂದ. ನಾನು ದಾಳವನ್ನು ಎತ್ತಿಟ್ಟೆ. "ನಾಲ್ಕನೇ ಕ್ಲಾಸು ಓದಿರೋರ ಕೈಲಿ ನಿಯಮ ಕೊಟ್ರೆ ಹಿಂಗೇ ಆಗೋದು. ಅಣ್ಣಂಗೆ ಬರೀತೀನಿ. ಅವನು ಅಲ್ಲ ಅಂದ್ರೆ ಬುಕ್ಕು ನಂದು, ಮುಂದಿನ ಬೆಳೆಯಿಂದ ಕಥೆ ನಾನೇ ನಡೆಸ್ತೀನಿ" ಎಂದ. ಅಜ್ಜಿಯೂ ನ್ಯಾಯ ಎಂದರೆ ನ್ಯಾಯವೇ, ಅವನು ಹೇಳಿದಂತಾಗಲಿ ಎಂದಳು. ನಿನ್ನೆ ಕಾಲೇಜಿಗೆ ಹೋಗುವಾಗ ಅವನ ಅಂಗಿ ಜೇಬಿನಲ್ಲಿ ಒಂದು ಇನ್‌ಲ್ಯಾಂಡ್ ಕಾಗದ ಕಂಡಿತು. ಯಾರಿಗೆ ಎಂದು ಕೇಳಿದರೆ ಫ್ರೆಂಡಿಗೆ ಎಂದ.

ಸಮುದ್ರದ ಗಾಳಿಗೆ ತಲೆಗೆ ಬಟ್ಟೆ ಕಟ್ಟಿಕೋ. ನಿನ್ನ ಹೆಸರಿನಲ್ಲಿ ಅಮ್ಮ ಸೋಮವಾರ ಒಪ್ಪತ್ತು ಇರುತ್ತಾಳೆ. ಅಪ್ಪ ಅಮ್ಮ ಅಜ್ಜಿ ಮೂವರ ಆಶೀರ್ವಾದವೂ ಈ ಕಾಗದದ ಜೊತೆ ಬರುತ್ತಿದೆ.

ಇಂತಿ ನಿನ್ನ ತಂಗಿ,
ಆವಲಮ್ಮ

ತಾ.ಕ.: ಬಸ್ಸಿನ ಹಾರನ್ ಕೇಳಿಸುತ್ತಿದೆ, ಬೇಗ ಬರೆಯುತ್ತೇನೆ. ಆ ಮೂರು ಸಾಲು ಬರೆದವಳು ನಾನೇ. ನಿನ್ನ ಹಳೆಯ ಕಾಗದ ಪಕ್ಕದಲ್ಲಿಟ್ಟುಕೊಂಡು ನಿನ್ನ ಅಕ್ಷರದಲ್ಲೇ ಬರೆದೆ, ಶಾಯಿ ಮಾತ್ರ ಸಿಗಲಿಲ್ಲ. ನನಗೋಸ್ಕರ ಸುಳ್ಳು ಹೇಳು ಎನ್ನುವುದಿಲ್ಲ. ಅವನ ಕಾಗದವನ್ನು ಒಡೆಯುವ ಮೊದಲು ಆ ಮೂರು ಸಾಲನ್ನು ನಿನ್ನ ಹಡಗಿನ ಗೆಳೆಯನ ಜೊತೆ ಒಂದು ಸಲ ಆಡಿ ನೋಡು. ಸರಿ ಎನಿಸಿದರೆ ನಿನ್ನ ಪುಸ್ತಕದಲ್ಲೂ ನಿನ್ನ ಕೈಯಲ್ಲೇ ಬರೆದುಕೋ. ಆಮೇಲೆ ಅವನಿಗೆ ಉತ್ತರ ಬರಿ.