ಹೆಗ್ಗಣ ಮೇಷ್ಟ್ರ ಹೊಸ ಮೂತಿ

ಮಾರ್ಚ್ 4, ಸೋಮವಾರ

ಕೆಲಸ ಮುಗಿಸಿ ಬಂದೆ. ಚಪ್ಪಲಿ ಬಿಡುವ ಮೊದಲೇ ಅಮ್ಮ ಹೊಸ ಬೊಂಬೆ ಹಿಡಿದು ಬಾಗಿಲಿಗೆ ಬಂದಳು. ಹೆಗ್ಗಣ ಮೇಷ್ಟ್ರು — ಈ ಸಲ ಕೊಡೆ ಸಮೇತ. ಟೀವಿಯ ಆ ಕಾರ್ಟೂನು ಅಮ್ಮನಿಗೆ ಪ್ರಾಣ. ಹೆಗ್ಗಣವೊಂದು ಶಾಲೆ ನಡೆಸುತ್ತದೆ. ಕಪ್ಪೆ, ಮುಳ್ಳುಹಂದಿ, ಗೂಬೆ ವಿದ್ಯಾರ್ಥಿಗಳು. ಜೀವಮಾನವೆಲ್ಲ ಹೆಡ್‌ಮಿಸ್ಟ್ರೆಸ್ ಆಗಿದ್ದವಳಿಗೆ ಇನ್ನೇನು ಹಿಡಿಸಬೇಕು? ರಿಟೈರ್ ಆದಾಗಿನಿಂದ ಅದರ ಬೊಂಬೆಗಳನ್ನು ಕೂಡಿಹಾಕುತ್ತಿದ್ದಾಳೆ. ನಡುಮನೆಯ ಗಾಜಿನ ಕಪಾಟು ತುಂಬಿ ತುಳುಕಿ, ಈಗ ನನ್ನ ಪುಸ್ತಕದ ಶೆಲ್ಫೂ ಒತ್ತುವರಿ.

ಬಂದ ಬೊಂಬೆಗೆಲ್ಲ ಮಾರ್ಕ್ಸ್ ಹಾಕುತ್ತಾಳೆ. ಹಳೇ ಚಟ, ಬಿಡುವುದಿಲ್ಲ. ಇವನಿಗೆ ಮೂವತ್ತೈದು.

"ಜಸ್ಟ್ ಪಾಸು. ಮೂತಿ ನೋಡು, ಏನೋ ಸರಿ ಇಲ್ಲ."

"ಚೆನ್ನಾಗೇ ಇದೆಯಲ್ಲಮ್ಮ," ಎಂದೆ.

ನಿಜ ಹೇಳಬೇಕೆಂದರೆ ನೋಡಲೇ ಇಲ್ಲ. ಹೊಟ್ಟೆ ತಾಳ ಹಾಕುತ್ತಿತ್ತು.

ಮಾರ್ಚ್ 9, ಶನಿವಾರ

ಇವತ್ತು ಅಮ್ಮ ಹೇಳಿದ ಮಾತು ಹಾಗೇ ಬರೆಯುತ್ತೇನೆ.

"ಇದು ಮೇಷ್ಟ್ರಲ್ಲ ಕಣೋ. ಬೇರೆ ಯಾರೋ."

ದೊಡ್ಡಮ್ಮ ನೆನಪಾದಳು. ಅಮ್ಮನ ಅಕ್ಕ. ಅವಳದೂ ಹೀಗೇ ಶುರುವಾಗಿದ್ದು. ಮೊದಲು 'ಇದು ನನ್ನ ಚಾದರ ಅಲ್ಲ, ಯಾರೋ ಬದಲಾಯಿಸಿದ್ದಾರೆ'. ಎಲ್ಲರೂ ನಕ್ಕೆವು. ಆಮೇಲೆ 'ಇದು ನನ್ನ ಮನೆ ಅಲ್ಲ'. ಕೊನೆಗೊಂದು ದಿನ ದೊಡ್ಡಪ್ಪನನ್ನೇ ಕೂರಿಸಿ, 'ನಿಮಗೆ ಯಾರನ್ನು ನೋಡಬೇಕಿತ್ತು?' ಆಗ ಯಾರೂ ನಗಲಿಲ್ಲ.

ಅಮ್ಮನಿಗೂ ಈಗ ಹೆಚ್ಚುಕಡಿಮೆ ಅದೇ ವಯಸ್ಸು... ಬಿಡ್ತು ಅನ್ನಬೇಕು. ಇದನ್ನೆಲ್ಲ ಬರೆಯಬಾರದು.

"ಇಲ್ಲಮ್ಮ, ಅವನೇ. ಚೆನ್ನಾಗಿದ್ದಾನೆ," ಎಂದೆ. ಅಮ್ಮ ನನ್ನ ಮುಖ ನೋಡಿದಳು.

ಮಾರ್ಚ್ 13, ಬುಧವಾರ

ಅಮ್ಮನ ಕಣ್ಣಿಗೆ ಪೊರೆ ಬಂದಿರಬೇಕು! ಇಷ್ಟು ದಿನ ಹೊಳೆಯಲೇ ಇಲ್ಲ. ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವವನು ನಾನು, ಮನೆಯವರ ಕಣ್ಣೇ ನೋಡಿಸಿಲ್ಲ. ದೀಪದ ಬುಡ ಕತ್ತಲು.

ಮಧ್ಯಾಹ್ನ ಅಂಗಡಿಗೆ ಕರೆದುಕೊಂಡು ಹೋದೆ. ದೇವರೇ, ಪೊರೆ ಇರಲಿ ಎಂದು ಬೇಡಿಕೊಂಡ ಮಗ ಬೇರೆ ಯಾರಿದ್ದಾನೋ. ಚಾರ್ಟಿನ ಕೊನೆ ಸಾಲನ್ನೂ ಅಮ್ಮ ಸರಸರ ಓದಿದಳು. ಅದರ ಕೆಳಗೆ ಅಚ್ಚು ಹಾಕಿದವರ ವಿಳಾಸವಿತ್ತು, ಅದನ್ನೂ ಬಿಡಲಿಲ್ಲ.

"ಹದ್ದಿನ ಕಣ್ಣು ರೀ ನಿಮ್ಮಮ್ಮಂದು. ಖುಷಿ ಪಡಿ," ಎಂದರು ಕಣ್ಣು ಪರೀಕ್ಷೆ ಮಾಡುವವರು.

ಖುಷಿ ಎಲ್ಲಿಂದ ಬರಬೇಕು? ಕಣ್ಣು ಸರಿ ಇದೆ ಎಂದಾದರೆ...

ಮಾರ್ಚ್ 29, ಶುಕ್ರವಾರ

ಬರೆಯಲು ಮನಸ್ಸೇ ಬಂದಿರಲಿಲ್ಲ. ದಿನಾ ಸಂಜೆ ಅದೇ. ಅಮ್ಮ ಕಪಾಟಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. "ಸರಿಯಾಗಿ ನೋಡಿ ಹೇಳು, ಹೇಗಿದೆ?" ಚೆನ್ನಾಗಿದೆ ಎನ್ನುತ್ತೇನೆ. ಇಂಥವರಿಗೆ ಸಮಾಧಾನ ಹೇಳಬೇಕಂತೆ, ಎಲ್ಲೋ ಓದಿದ್ದೆ. ಸಮಾಧಾನ ಹೇಳಿದಷ್ಟೂ ಅಮ್ಮ ಸೊರಗುತ್ತಿದ್ದಾಳೆ. ಊಟವೂ ಅಷ್ಟಕ್ಕಷ್ಟೇ.

ಇವತ್ತು ಬೆಳಿಗ್ಗೆ ಒಂದು ಉಪಾಯ ಮಾಡಿದೆ. ಕಣ್ಣಿಗೆ ಬಿದ್ದರೆ ತಾನೇ ರಗಳೆ? ಕೊಡೆ ಮೇಷ್ಟ್ರನ್ನು ಕಪಾಟಿನಿಂದ ಎತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡು ಕೆಲಸಕ್ಕೆ ಹೋದೆ. ನನ್ನಂಥ ಬುದ್ಧಿವಂತ ಊರಲ್ಲೇ ಇಲ್ಲ.

ಸಂಜೆ ಬಂದರೆ ಮನೆ ಬುಡಮೇಲು. ಹಾಸಿಗೆ ಎತ್ತಿ ಹಾಕಿದ್ದಾಳೆ, ಬಟ್ಟೆಯೆಲ್ಲ ನೆಲದ ಮೇಲೆ. ನಾನು ಒಳಗೆ ಕಾಲಿಟ್ಟಾಗ ಫ್ರಿಜ್ಜಿನೊಳಗೆ ಹುಡುಕುತ್ತಿದ್ದಳು.

"ಎಲ್ಲಿಟ್ಟೆ ಅಂತ ನೆನಪೇ ಆಗ್ತಿಲ್ವಲ್ಲೋ."

ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿತುದಿಗೆ ಬಂದಿತ್ತು. "ಸಿಗುತ್ತೆ ಬಿಡಮ್ಮ," ಎಂದೆ. ಬ್ಯಾಗು ನನ್ನ ಹೆಗಲಲ್ಲೇ ಇತ್ತು.

ಅಮ್ಮ ಫ್ರಿಜ್ಜಿನ ಬಾಗಿಲು ಹಾಕಿ ಅಲ್ಲೇ ನಿಂತಳು. ಮೆತ್ತಗೆ ಹೇಳಿದಳು, "ಡಾಕ್ಟರ ಹತ್ರ ಕರ್ಕೊಂಡು ಹೋಗಪ್ಪ ನನ್ನ. ಅಕ್ಕನ್ನ ತೋರಿಸಿದ್ವಲ್ಲ, ಅಂಥವರ ಹತ್ರ."

ಏಪ್ರಿಲ್ 2, ಮಂಗಳವಾರ

ಶುಕ್ರವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಬೊಂಬೆ ಇನ್ನೂ ಬ್ಯಾಗಿನಲ್ಲಿ. ಸುಮ್ಮನೆ ವಾಪಸ್ ಇಟ್ಟರೆ, ಹುಡುಕಿದ ಜಾಗದಲ್ಲೇ ಸಿಕ್ಕಿತೆಂದು ಇನ್ನೂ ಹೆದರುತ್ತಾಳೆ. ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ಬಿಸಿ ತುಪ್ಪ — ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಏಪ್ರಿಲ್ 5, ಶುಕ್ರವಾರ, ಮಧ್ಯಾಹ್ನ

ಡಾಕ್ಟರಮ್ಮ ತುಂಬಾ ಹೊತ್ತು ಪರೀಕ್ಷೆ ಮಾಡಿದರು. ಐದು ಪದ ಹೇಳಿ ಆಮೇಲೆ ನೆನಪಿಸಿಕೊಳ್ಳಿ ಎಂದರು, ಲೆಕ್ಕ ಕೊಟ್ಟರು, ಗಡಿಯಾರದ ಚಿತ್ರ ಬರೆಸಿದರು. ನಾನು ಮೂಲೆಯ ಕುರ್ಚಿಯಲ್ಲಿ ಬೆವರುತ್ತಿದ್ದೆ. ಅಮ್ಮ ಗಡಿಯಾರಕ್ಕೆ ಸೆಕೆಂಡಿನ ಮುಳ್ಳನ್ನೂ ಹಾಕಿಕೊಟ್ಟು, "ಪ್ರಶ್ನೆಪತ್ರಿಕೆ ತೀರಾ ಸುಲಭ ಆಯ್ತು ನಿಮ್ದು," ಎಂದಳು. ಆದರೆ ಪೆನ್ನನ್ನು ಕೆಳಗಿಡದೆ ಬಿಗಿಹಿಡಿದೇ ಕೂತಿದ್ದಳು. ನೋಡಿದೆ.

"ಏನೂ ತೊಂದರೆ ಕಾಣ್ತಿಲ್ಲಮ್ಮ. ನನಗಿಂತ ಚುರುಕಾಗಿದ್ದೀರ. ಅದ್ಸರಿ, ಅನುಮಾನ ಯಾಕೆ ಬಂತು?"

ಅಮ್ಮ ಬೊಂಬೆಯ ಕಥೆ ಹೇಳಿದಳು. ಮೂತಿ ಬೇರೆ ಥರ ಕಾಣುವುದು. ಇಟ್ಟಿದ್ದು ಮರೆತಿದ್ದು. ಇನ್ನು ತಡೆಯಲಾಗಲಿಲ್ಲ. ಬ್ಯಾಗಿನ ಜಿಪ್ ಎಳೆದು ಮೇಷ್ಟ್ರನ್ನು ಮೇಜಿನ ಮೇಲಿಟ್ಟೆ. "ನಾನೇ ಬಚ್ಚಿಟ್ಟಿದ್ದೆ," ಎಂದೆ.

ಅಮ್ಮ ಬೊಂಬೆಯನ್ನು ನೋಡಿದಳು, ನನ್ನನ್ನು ನೋಡಿದಳು. ಡಾಕ್ಟರಮ್ಮ ಅದನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದರು, "ನಿಮ್ಮ ತಾಯಿಯವರ ಕಣ್ಣು ನೋಡಿಸಿದ್ರಿ, ತಲೆ ನೋಡಿಸಿದ್ರಿ. ಈ ಬೊಂಬೆಯನ್ನ ಯಾರಾದ್ರೂ ಪರೀಕ್ಷೆ ಮಾಡಿದ್ರಾ?"

ಬಸ್ಸಿನಲ್ಲಿ ಅಮ್ಮ ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

ಅದೇ ದಿನ, ಸಂಜೆ

ಕಪಾಟಿನಿಂದ ಹಳೇ ಮೇಷ್ಟ್ರೊಬ್ಬನನ್ನು ತೆಗೆದುಕೊಂಡು ಅಂಗಡಿಗೆ ಓಡಿದೆ. ಲೆನ್ಸಿನ ಗೀರು ನೋಡುವ ದೊಡ್ಡ ಭೂತಗನ್ನಡಿಯ ಕೆಳಗೆ ಇಬ್ಬರನ್ನೂ ನಿಲ್ಲಿಸಿದೆ. ಮೊದಲ ಸಲ ನೋಡಿದೆ. ನಿಜವಾಗಿ ನೋಡಿದೆ.

ಹಳಬನ ನಗು ಅಚ್ಚಿನಲ್ಲೇ ಕೆತ್ತಿದ್ದು, ತುಟಿಯ ಅಂಚು ಕೈಗೆ ತಾಗುತ್ತದೆ. ಹೊಸಬನಿಗೆ ಬಾಯಿಯೇ ಇಲ್ಲ, ಬರೀ ಬಣ್ಣದ ಗೆರೆ. ಒಂದು ಕಣ್ಣಿನ ಕಪ್ಪು ಕೆನ್ನೆಗೆ ಇಳಿದಿದೆ. ಮೀಸೆ ಎಡಕ್ಕೆ ಮೂರೆಳೆ, ಬಲಕ್ಕೆ ಎರಡು. ಮೂಗಿನ ಮಧ್ಯೆ ಎರಡು ಹೋಳು ಅಂಟಿಸಿದ ಗೀಟು. ಹೆಗ್ಗಣವೂ ಅಲ್ಲ, ಇಲಿಯೂ ಅಲ್ಲ, ಯಾವ ಪ್ರಾಣಿಯೋ ಆ ದೇವರಿಗೇ ಗೊತ್ತು.

ಅಂಗಡಿಯ ಯಜಮಾನರು ಹಿಂದಿನಿಂದ ಬಗ್ಗಿ ನೋಡಿದರು. "ಅಯ್ಯೋ, ಇದಾ? ನನ್ನ ಮೊಮ್ಮಗಳಿಗೆ ತಂದ ಗೂಬೆಗೂ ಇದೇ ಗತಿ. ಈಚೆಗೆ ಎಲ್ಲಾ ಹೀಗೇ ಬರ್ತಿದೆ. ಬೇರೆ ಕಾರ್ಖಾನೆಗೆ ಕೊಟ್ಟಿದ್ದಾರಂತೆ."

ಅಂಗಡಿ ಎನ್ನುವುದು ಮರೆತು ಯಜಮಾನರನ್ನು ತಬ್ಬಿಕೊಂಡೆ. ಬೊಂಬೆ ಹಾಳು! ಅಮ್ಮ ಸರಿ! ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಮನೆಗೆ ಬಂದು ಹೇಳಿದೆ. ಅಮ್ಮ ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ಇನ್ನೊಂದ್ಸಲ ಹೇಳು."

"ಕೆಟ್ಟದಾಗಿದೆಯಮ್ಮ. ದರಿದ್ರವಾಗಿದೆ. ಅದು ಮೇಷ್ಟ್ರೇ ಅಲ್ಲ."

ಅಮ್ಮ ಕುಸಿದು ಕೂತಳು. "ದಿನಾ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ಯಲ್ಲೋ. ಹಾಗಂದಾಗಲೆಲ್ಲ ನಂಗೆ ಜೀವ ಬಾಯಿಗೆ ಬರ್ತಿತ್ತು. ಎಲ್ಲರಿಗೂ ನೆಟ್ಟಗೆ ಕಾಣೋದು ನನಗೊಬ್ಬಳಿಗೆ ಸೊಟ್ಟ ಕಾಣ್ತಿದೆ, ನಾನೂ ಅಕ್ಕನ ದಾರೀಲೇ ಹೊರಟೆ ಅಂತ... ಒಂದು ಸಲ, ಒಂದೇ ಒಂದು ಸಲ ಹೌದು ಕಣಮ್ಮ ಅಂದಿದ್ರೆ ಸಾಕಿತ್ತು."

ಅತ್ತಳು. ನಾನೂ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಎದ್ದು ಬಂದು ಬೆನ್ನಿಗೆ ಧಡ್ ಅಂತ ಒಂದು ಕೊಟ್ಟಳು. "ಫ್ರಿಜ್ಜಲ್ಲೆಲ್ಲ ಹುಡುಕೋ ಹಾಗೆ ಮಾಡಿದ್ಯಲ್ಲೋ, ಕತ್ತೆ!"

ಇನ್ನೂ ಚುರುಗುಡುತ್ತಿದೆ. ಎಷ್ಟು ಹಿತವಾಗಿದೆ ಎಂದರೆ!

ಏಪ್ರಿಲ್ 6, ಶನಿವಾರ, ಬೆಳಿಗ್ಗೆ

ಬಿಸಿಲು ಕಿಟಕಿ ದಾಟಿದೆ. ಅಮ್ಮ ಇನ್ನೂ ಎದ್ದಿಲ್ಲ. ಗೊರಕೆ ಇಲ್ಲಿಯವರೆಗೆ ಕೇಳುತ್ತಿದೆ. ಈ ಒಂದು ತಿಂಗಳು ಅವಳು ನಿದ್ದೆ ಮಾಡಿಯೇ ಇರಲಿಲ್ಲ ಎಂದು ಈಗ ಗೊತ್ತಾಗುತ್ತಿದೆ. ಮಲಗಲಿ. ಪಾತ್ರೆ ಸದ್ದಾದೀತೆಂದು ಚಹಾ ಕೂಡ ಇಟ್ಟಿಲ್ಲ.

ಎದ್ದಳು. ಬೊಂಬೆ ಅಂಗಡಿ ಎಷ್ಟು ಹೊತ್ತಿಗೆ ತೆಗೀತಾರೆ ಎಂದು ಒಳಗಿನಿಂದಲೇ ಕೂಗುತ್ತಿದ್ದಾಳೆ. ಜಗಳ ಆಡಲು ಹೋಗಬೇಕಂತೆ. ಒಬ್ಬಳೇ ಏಕೆ, ನಾನೂ ಚಪ್ಪಲಿ ಹಾಕಿಕೊಂಡು—